ಟೇಪಿನ ಈ ತುದಿ

ಅಳತೆಯ ಟೇಪಿಗೆ ಎರಡು ತುದಿ ಇರುತ್ತವೆಂಬುದು ಲೋಕಕ್ಕೆಲ್ಲ ಗೊತ್ತು. ಆದರೆ ಅವುಗಳಲ್ಲಿ ಯಾವುದು ದೊಡ್ಡ ತುದಿ, ಯಾವುದು ಸಣ್ಣದು ಎಂಬುದು ಸರ್ವೆ ಕಚೇರಿಯಲ್ಲಿ ದುಡಿದವರಿಗಷ್ಟೇ ಗೊತ್ತು. ಅಂಕಿ ಓದುವ ತುದಿಯಲ್ಲಿ ಸರ್ವೇಯರ್ ಸಾಹೇಬರು ನಿಲ್ಲುತ್ತಾರೆ. ಅವರ ತಲೆಯ ಮೇಲೆ ಛತ್ರಿ ಹಿಡಿಯಲು ಒಬ್ಬ, ಕೂರಬೇಕೆನಿಸಿದರೆ ಕುರ್ಚಿ ಹಾಕಲು ಇನ್ನೊಬ್ಬ. ಸೊನ್ನೆ ಇರುವ ತುದಿಯನ್ನು ಹಿಡಿದವನಿಗೆ ಛತ್ರಿಯೂ ಇಲ್ಲ, ಕುರ್ಚಿಯೂ ಇಲ್ಲ. ಅವನೊಬ್ಬ ಅಲ್ಲಿ ನಿಂತಿದ್ದಾನೆಂಬ ನೆನಪೂ ಎಷ್ಟೋ ಸಲ ಯಾರಿಗೂ ಇರುವುದಿಲ್ಲ.

ನಮ್ಮ ತುದಿಯಪ್ಪ ಕೆಲಸಕ್ಕೆ ಸೇರಿದ ದಿನದಿಂದ ನಿವೃತ್ತನಾದ ದಿನದವರೆಗೆ ಆ ಸೊನ್ನೆಯ ತುದಿಯನ್ನೇ ಹಿಡಿದು ನಿಂತವನು. ತಂದೆತಾಯಿ ಇಟ್ಟ ಹೆಸರು ಬೇರೆ ಏನೋ ಇತ್ತು. ಕಚೇರಿಯವರು ಇಟ್ಟ ಹೆಸರೇ ಗಟ್ಟಿಯಾಗಿ ಅಂಟಿಕೊಂಡು, ಕೊನೆಗೆ ಹಾಲು ಹಾಕುವವನೂ ಬಾಗಿಲಲ್ಲಿ ನಿಂತು ತುದಿಯಪ್ಪನವರೇ ಎಂದು ಕೂಗುವಂತಾಯಿತು. ಅವನಿಗೆ ಅದರಲ್ಲಿ ಬೇಸರವೇನೂ ಇರಲಿಲ್ಲ.

ಮೊದಲ ದಿನ ಕೆಲಸ ಕಲಿಸಿದ ಸಾಹೇಬರು ಅವನಿಗೆ ಹೇಳಿಕೊಟ್ಟಿದ್ದು ಬಹಳವೇನಲ್ಲ. ಹೆಬ್ಬೆರಳು ಸೊನ್ನೆಯ ಮೇಲಿರಬೇಕು, ಕಾಲು ಕದಲಬಾರದು, ಬಾಯಿ ತೆರೆಯಬಾರದು, ಆ ತುದಿಯಿಂದ 'ಬಿಡು' ಎಂಬ ಕೂಗು ಬರುವವರೆಗೆ ಆಕಾಶ ಕಳಚಿ ಬಿದ್ದರೂ ಕೈ ಬಿಡಬಾರದು. ನಿನ್ನ ಹೆಬ್ಬೆರಳು ಒಂದು ಗೇಣು ಸರಿದರೆ ಯಾರದೋ ಬಾವಿ ಇನ್ಯಾರದೋ ಹಿತ್ತಿಲಿಗೆ ಹೋಗುತ್ತದೆ, ಅಣ್ಣತಮ್ಮಂದಿರು ಕೋರ್ಟಿನಲ್ಲಿ ಮುದುಕರಾಗುತ್ತಾರೆ ಎಂದು ಹೆದರಿಸಿಯೂ ಇದ್ದರು. ತುದಿಯಪ್ಪ ಅದನ್ನು ಅಕ್ಷರಶಃ ಪಾಲಿಸಿದ. ಒಮ್ಮೆ ಆ ತುದಿಯವರು ಇವನನ್ನು ಮರೆತು ಊಟಕ್ಕೆ ಹೋಗಿ, ಉಂಡು, ಒಂದು ನಿದ್ದೆಯನ್ನೂ ತೆಗೆದು ಎದ್ದು ಬಂದು ನೋಡಿದರೆ ಇವನು ಇಟ್ಟಲ್ಲೇ ಇದ್ದ. ಸಾಹೇಬರು ಹೊಟ್ಟೆ ಹಿಡಿದುಕೊಂಡು ನಕ್ಕರು. ಇವನು ಮಾತ್ರ ಆ ನಗುವನ್ನು ಬಹುಮಾನವೆಂದು ತಿಳಿದು ಮನೆಗೆ ಬಂದು ಹೆಂಡತಿಗೆ ಹೇಳಿದ.

ಇಂಥವನ ಹೆಂಡತಿಯಾಗಿರುವುದೂ ಒಂದು ಉದ್ಯೋಗವೇ. ಅದಕ್ಕೆ ನಿವೃತ್ತಿ ಬೇರೆ ಇಲ್ಲ. ಮದುವೆಯಾದ ಹೊಸತರಲ್ಲಿ ಆಕೆ ಬಾಯಿಬಿಟ್ಟು ಕೇಳಿದ್ದು ಒಂದೇ ಒಂದು. ಸಸ್ಯೋದ್ಯಾನದ ಕೊಳದಲ್ಲಿ ಕೆಂಪು ನೈದಿಲೆಗಳು ಅರಳುತ್ತವಂತೆ, ಮೆಟ್ಟಿಲ ಮೇಲೆ ಇಬ್ಬರೂ ಕೂತು ನೋಡಬೇಕು ಎಂದಿದ್ದಳು. ಕತ್ತಲಾದ ಮೇಲೆ ಅರಳಿ, ಮಾರನೆಯ ದಿನ ಬಿಸಿಲೇರುತ್ತಿದ್ದಂತೆ ಮುಚ್ಚಿಕೊಳ್ಳುವ ಜಾತಿ ಅದು. ಉದ್ಯಾನದ ಗೇಟು ಸಂಜೆಗೇ ಮುಚ್ಚುವುದರಿಂದ ನೋಡಬೇಕೆನ್ನುವವರು ಬೆಳಿಗ್ಗೆಯೇ ಬರಬೇಕು. ತುದಿಯಪ್ಪನ ಬೆಳಗುಗಳೆಲ್ಲ ಸರ್ಕಾರದವು. ಹೇಗೋ ಬಿಡುವು ಮಾಡಿಕೊಂಡು ಒಮ್ಮೆ ಹೊರಟಿದ್ದರು. ದಾರಿಯಲ್ಲಿ ಸಾಹೇಬರು ಸಿಕ್ಕರು, ಸಾಹೇಬರ ಕೈಯಲ್ಲಿ ಟೇಪು ಇತ್ತು. ಉದ್ಯಾನ ತಲುಪಿದಾಗ ನಡುಹಗಲು. ಕೊಳದ ತುಂಬ ಮುಚ್ಚಿಕೊಂಡ ಹೂಗಳು. ಮುಂದಿನ ಸಲ ಬರೋಣ ಎಂದು ತುದಿಯಪ್ಪ ಸಮಾಧಾನ ಹೇಳಿದ. ಆ ಮುಂದಿನ ಸಲ, ಮಕ್ಕಳು ಹುಟ್ಟಿ ಬೆಳೆದು ಅವರವರ ಮನೆ ಸೇರಿಕೊಂಡು, ಆಕೆಯ ಮೊಣಕಾಲು ಸವೆದರೂ ಬಂದಿರಲಿಲ್ಲ.

ಹೀಗಿರುವಾಗ ಪಕ್ಕದ ಮನೆಯಾಕೆ ಒಂದು ಸುದ್ದಿ ತಂದಳು. ಕೊಳ ಸೋರುತ್ತಿದೆಯಂತೆ, ನಾಳೆ ನೀರನ್ನೆಲ್ಲ ಹೊರಗೆ ಹಾಕಿ, ಹೂಬಳ್ಳಿ ಕಿತ್ತು, ತಳ ಒಡೆದು ಕಟ್ಟುತ್ತಾರಂತೆ, ಮತ್ತೆ ಹೂ ಕಾಣಬೇಕಾದರೆ ವರ್ಷವಾದರೂ ಬೇಕಂತೆ. ಅದನ್ನು ಕೇಳಿ ತುದಿಯಪ್ಪನ ಹೆಂಡತಿ ಕೂಗಾಡಲಿಲ್ಲ, ಅಳಲಿಲ್ಲ. ಗಂಡನ ಮುಂದೆ ಕಾಫಿ ಲೋಟ ಇಟ್ಟು, "ಮುಂದಿನ ವರ್ಷದ ಹೊತ್ತಿಗೆ ಈ ಕಾಲು ನನ್ನನ್ನ ಎಲ್ಲೀವರೆಗೆ ಕರ್ಕೊಂಡು ಹೋಗುತ್ತೋ ಗೊತ್ತಿಲ್ಲ. ಇವತ್ತು ಹೋಗೋಣ" ಎಂದಳು. ತುದಿಯಪ್ಪ ಕಾಫಿಯನ್ನು ಅರ್ಧಕ್ಕೇ ಬಿಟ್ಟು ಎದ್ದು ಚಪ್ಪಲಿ ಹುಡುಕತೊಡಗಿದ. ಇವತ್ತು ಮಾತ್ರ ತಪ್ಪಬಾರದು ಎಂದು ಅವನಿಗೂ ಮನಸ್ಸಿನಲ್ಲಿ ಚುರುಕ್ಕೆಂದಿತ್ತು.

ಇಬ್ಬರೇ ಹೋಗಿದ್ದರೆ ಹೊತ್ತಿಗೆ ಸರಿಯಾಗಿ ತಲುಪುತ್ತಿದ್ದರೋ ಏನೋ. ಆದರೆ ಆಕೆಯ ಅಣ್ಣ ಆ ವಾರ ಮನೆಯಲ್ಲಿ ಬಿಡಾರ ಹೂಡಿದ್ದರು. ಹೆಡ್‌ಮಾಸ್ಟರಾಗಿ ನಿವೃತ್ತರಾದವರು. ನಿವೃತ್ತಿ ಎಂಬುದು ಶಾಲೆಗೆ ತಿಳಿದಿತ್ತೇ ಹೊರತು ಅವರಿಗೆ ತಿಳಿದಿರಲಿಲ್ಲ. ತಂಗಿಯ ಗಂಡನ ಉದ್ಯೋಗದ ಬಗ್ಗೆ ಅವರಿಗೆ ಮೊದಲಿನಿಂದಲೂ ಒಂದು ಅಭಿಪ್ರಾಯವಿತ್ತು, ಅದನ್ನು ಅವರು ಮುಚ್ಚಿಟ್ಟವರಲ್ಲ. ಒಂದು ಮೊಳೆ ಹೊಡೆದಿದ್ದರೆ ಆಗುತ್ತಿದ್ದ ಕೆಲಸಕ್ಕೆ ಸರ್ಕಾರ ಒಬ್ಬ ಮನುಷ್ಯನನ್ನು ಇಟ್ಟುಕೊಂಡಿತ್ತಲ್ಲ ಎಂದು ನಂಟರ ನಡುವೆ ಹೇಳಿ ನಗಿಸುತ್ತಿದ್ದರು. ತುದಿಯಪ್ಪನೂ ನಗುತ್ತಿದ್ದ. ಹೆಂಡತಿ ಮಾತ್ರ ಆಗ ಅಡುಗೆಮನೆಗೆ ಎದ್ದು ಹೋಗುತ್ತಿದ್ದಳು.

ಉದ್ಯಾನದ ಗೇಟಿನೊಳಗೆ ಕಾಲಿಟ್ಟ ಮೇಲೆ ಭಾವನವರು ಪ್ರತಿ ಮರದ ಬುಡದ ಫಲಕವನ್ನೂ ಗಟ್ಟಿಯಾಗಿ ಓದಲು ನಿಂತರು. ಓದಿ ಸುಮ್ಮನಾಗುತ್ತಿರಲಿಲ್ಲ, ಅರ್ಥವಾಯಿತಾ ಎಂದು ತುದಿಯಪ್ಪನನ್ನು ಕೇಳುತ್ತಿದ್ದರು. ತಂಗಿ ಒಂದೆರಡು ಮರ ನೋಡಿದಳು. ಆಮೇಲೆ ಅಣ್ಣನ ಮೂಗಿನ ಮೇಲಿಂದ ಕನ್ನಡಕವನ್ನೇ ತೆಗೆದು ತನ್ನ ಕೈಚೀಲಕ್ಕೆ ಹಾಕಿಕೊಂಡು, ಕೊಳದ ಹತ್ತಿರ ಒಂದು ಒಳ್ಳೆ ಬೆಂಚು ಹಿಡಿದಿಡು ಹೋಗಣ್ಣಾ, ನಾನು ಈ ಕಾಲಲ್ಲಿ ನಿಧಾನಕ್ಕೆ ಬರ್ತೀನಿ ಎಂದು ಕಳಿಸಿಕೊಟ್ಟಳು. ಬೆಂಚು ಹಿಡಿಯುವುದರಲ್ಲಿ ಒಂದು ಅಧಿಕಾರವಿದೆಯೆಂದು ಭಾವನವರಿಗೆ ಅನಿಸಿರಬೇಕು, ಬಿದಿರು ಮೆಳೆಯ ಆಚೆಗೆ ಬಿರಬಿರನೆ ನಡೆದು ಮರೆಯಾದರು. ಅವರು ಹೋದ ಮೇಲೆ ಆಕೆ ಗಂಡನನ್ನು ಗಾಜಿನ ಮನೆಯ ಪಕ್ಕ ನಿಲ್ಲಿಸಿ, ನಲ್ಲಿಯಲ್ಲಿ ಬಾಟಲಿಗೆ ನೀರು ತುಂಬಿಸಿಕೊಂಡು ಬರ್ತೀನಿ, ಇಲ್ಲೇ ಇರಿ ಎಂದು ಹೇಳಿ ಹೋದಳು. ಇವನನ್ನು ಒಬ್ಬನನ್ನೇ ನಿಲ್ಲಿಸಿ ಹೋಗಬಾರದಿತ್ತು.

ಆಗ ಬಂದವನು ಒಬ್ಬ ಮಾಲಿ. ನಾಳೆ ಕೊಳ ಖಾಲಿ ಮಾಡಲು ಕೊಳದಿಂದ ಗಾಜಿನ ಮನೆಯ ಪಕ್ಕದ ಚರಂಡಿಯವರೆಗೆ ರಬ್ಬರು ಪೈಪು ಹಾಕಬೇಕಿತ್ತು. ಎಷ್ಟು ಉದ್ದದ ಪೈಪು ತರಿಸಬೇಕೆಂದು ಅಳೆಯಲು ಅವನು ಬಂದಿದ್ದ. ಜೊತೆಗಾರ ರಜೆ. ಮಾಲಿ ಚರಂಡಿಯ ಕಲ್ಲಿನ ಬಳಿ ನಿಂತು ಆ ಕಡೆ ಈ ಕಡೆ ನೋಡಿ, ತುದಿಯಪ್ಪನ ಕೈಗೆ ಟೇಪಿನ ತುದಿಯನ್ನು ಕೊಟ್ಟು, "ಒಂದು ನಿಮಿಷ ಹಿಡ್ಕೊಳ್ಳಿ ಯಜಮಾನ್ರೇ" ಎಂದ.

ತುದಿಯಪ್ಪನ ಕೈಗೆ ಟೇಪು ಬಂದು ಎಷ್ಟೋ ಕಾಲವಾಗಿತ್ತು. ಹೆಬ್ಬೆರಳು ತಾನಾಗಿಯೇ ಸೊನ್ನೆಯ ಮೇಲೆ ಹೋಗಿ ಕೂತಿತು. ಹಿಮ್ಮಡಿಗಳು ಜೋಡಿಕೊಂಡವು. ಬೆನ್ನು ನೆಟ್ಟಗಾಯಿತು, ಬಾಯಿ ಮುಚ್ಚಿತು, ಕಣ್ಣು ಟೇಪಿನ ಗುಂಟ ಆಚೆ ತುದಿಯತ್ತ ನೆಟ್ಟಿತು. ನೋಡಿದ ಮಾಲಿಗೇ ಒಂದು ಗಳಿಗೆ ಗೌರವ ಬಂತು. ಅವನು ಟೇಪನ್ನು ಬಿಚ್ಚುತ್ತ ಬಿಚ್ಚುತ್ತ ಬಿದಿರು ಮೆಳೆಯ ಆಚೆ ಹೋದ. ಸ್ವಲ್ಪ ಹೊತ್ತಿಗೆ ಟೇಪು ಬಿಗಿಯಾಯಿತು. 'ಬಿಡು' ಎಂಬ ಕೂಗು ಬರಲಿಲ್ಲ.

ಬರದೇ ಇದ್ದದ್ದಕ್ಕೆ ಕಾರಣ ಇಷ್ಟೇ. ಕೊಳದ ದಂಡೆ ತಲುಪಿದ ಮೇಲೆ ಮಾಲಿಗೆ ತನ್ನ ಹತ್ತಿರ ಪೆನ್ಸಿಲು ಇಲ್ಲವೆಂದು ನೆನಪಾಯಿತು. ಅಂಕಿಯನ್ನು ತಲೆಯಲ್ಲಿ ಇಟ್ಟುಕೊಂಡು ಹೋದರೆ ದಾರಿಯಲ್ಲಿ ಬೀಳುತ್ತದೆಂಬ ಅನುಭವ ಅವನಿಗಿತ್ತು. ದಂಡೆಯ ಬೆಂಚಿನ ಮೇಲೆ ದೊಡ್ಡ ಮನುಷ್ಯರಂತೆ ಕಾಣುವ ಒಬ್ಬರು ಕೂತಿದ್ದರು. ಟೇಪಿನ ಡಬ್ಬಿಯನ್ನು ಅವರ ಕೈಗಿಟ್ಟು, ನಿಮ್ಮಂಥ ತಿಳಿದವರ ಕೈಯಲ್ಲಿ ಇದ್ದರೆ ನನಗೆ ಚಿಂತೆ ಇಲ್ಲ ಸಾರ್, ಜೋಲು ಬೀಳದ ಹಾಗೆ ಹಿಡಿದಿರಿ, ಪೆನ್ಸಿಲು ತರ್ತೀನಿ ಎಂದು ಹೇಳಿ ಅವನು ಕಚೇರಿಯ ಕಡೆ ಓಡಿದ. ತಿಳಿದವರು ಎಂಬ ಮಾತು ಕೇಳಿದ ಮೇಲೆ ಆ ದೊಡ್ಡ ಮನುಷ್ಯರು ಇಡೀ ಕೊಳವನ್ನೇ ಎತ್ತಿ ಹಿಡಿ ಎಂದರೂ ಹಿಡಿಯುತ್ತಿದ್ದರು.

ಈಚೆ ಹೆಂಡತಿ ನೀರು ತುಂಬಿಸಿಕೊಂಡು ಬಂದಳು. ಬಂದು ನೋಡಿದರೆ ಗಂಡ ಕೈಯಲ್ಲಿ ಟೇಪು ಹಿಡಿದು ಕಂಬದಂತೆ ನಿಂತಿದ್ದಾನೆ. ಆಕೆ ಏನೂ ಕೇಳಲಿಲ್ಲ. ಕೇಳಿದರೂ ಉತ್ತರ ಬರುವುದಿಲ್ಲವೆಂದು ಆಕೆಗೆ ಗೊತ್ತು. ತುದಿಯಪ್ಪ ಕಣ್ಣಿನಲ್ಲೇ ಬಿದಿರು ಮೆಳೆಯ ಕಡೆ ತೋರಿಸಿ, ಇನ್ನೇನು ಮುಗಿಯಿತು ಎಂಬಂತೆ ಹುಬ್ಬು ಹಾರಿಸಿದ. ಆಕೆ ನಿಟ್ಟುಸಿರು ಬಿಟ್ಟು, ಚೀಲದಿಂದ ಮಡಿಸುವ ಸ್ಟೂಲು ತೆಗೆದು ಹಾಕಿಕೊಂಡು ಪಕ್ಕದಲ್ಲೇ ಕೂತಳು. ಬಿಸಿಲು ಅವನ ಬೋಳುತಲೆಯ ಮೇಲೆ ನೇರವಾಗಿ ಬೀಳುತ್ತಿತ್ತು. ಎಷ್ಟೆಂದರೂ ಗಂಡ ತಾನೇ. ಛತ್ರಿ ಬಿಚ್ಚಿ, ಕೂತಲ್ಲಿಂದಲೇ ಕೈ ಎತ್ತಿ ಅವನ ತಲೆಯ ಮೇಲೆ ಹಿಡಿದಳು.

ಸೊನ್ನೆಯ ತುದಿಗೆ ಛತ್ರಿ ಬಂದದ್ದು ಅವನ ಜೀವಮಾನದಲ್ಲಿ ಅದೇ ಮೊದಲು. ತುದಿಯಪ್ಪನ ಕಣ್ಣಂಚು ಒದ್ದೆಯಾಯಿತು. ಆದರೆ ಆ ಛತ್ರಿಯೇ ಮುಂದಿನ ಅನಾಹುತಕ್ಕೆಲ್ಲ ಮೂಲವಾಯಿತು. ಬರೀ ಟೇಪು ಹಿಡಿದು ನಿಂತವನನ್ನು ಜನ ಯಾರೂ ಮೂಸಿ ನೋಡುತ್ತಿರಲಿಲ್ಲ. ಟೇಪು ಹಿಡಿದವನಿಗೆ ಒಬ್ಬರು ಛತ್ರಿ ಹಿಡಿದಿದ್ದಾರೆಂದರೆ ಅವನು ಮೇಲಿನಿಂದ ಬಂದ ದೊಡ್ಡ ಅಧಿಕಾರಿಯೇ ಇರಬೇಕಲ್ಲ.

ಮೊದಲು ನಿಂತವರು ವಾಯುವಿಹಾರಿಗಳ ಸಂಘದ ಅಧ್ಯಕ್ಷರು. ಹತ್ತಿಯ ಟೋಪಿ ಹಾಕಿಕೊಂಡು ದಿನವೂ ಉದ್ಯಾನವನ್ನು ಸುತ್ತಿ ಸುತ್ತಿ, ಅದು ತಮ್ಮ ಹಿತ್ತಿಲೆಂದೇ ನಂಬಿದ್ದವರು. ಟೇಪನ್ನು ನೋಡಿದರು, ಛತ್ರಿಯನ್ನು ನೋಡಿದರು, ಅವರ ಹೆಜ್ಜೆ ನಿಧಾನವಾಯಿತು. ಏನು ಅಳೆಯುತ್ತಿದ್ದೀರಿ ಎಂದು ಕೇಳಿದರು. ತುದಿಯಪ್ಪ ಬಾಯಿ ತೆರೆಯಲಿಲ್ಲ. ರಸ್ತೆಗಾ ಎಂದು ಕೇಳಿದರು. ತುದಿಯಪ್ಪ ಟೇಪಿನಿಂದ ಕಣ್ಣು ಕೀಳಲಿಲ್ಲ. ಅಧ್ಯಕ್ಷರು ತಮ್ಮ ಸಂಗಡ ನಡೆಯುತ್ತಿದ್ದ ವಕೀಲರನ್ನು ಕರೆದು ತೋರಿಸಿದರು. ವಕೀಲರು ಬಗ್ಗಿ ಟೇಪಿನ ದಿಕ್ಕು ನೋಡಿ, ತಲೆ ಎತ್ತಿ, ರಸ್ತೆ ಅಲ್ಲ ಎಂದು ಆತ ಹೇಳಿದನಾ ಎಂದು ಕೇಳಿದರು. ಇಲ್ಲ ಎಂದರು ಅಧ್ಯಕ್ಷರು. ಹಾಗಾದರೆ ರಸ್ತೆಯೇ ಎಂದು ವಕೀಲರು ತೀರ್ಪು ಕೊಟ್ಟರು.

ಇಷ್ಟಾದ ಮೇಲೆ ಸುದ್ದಿಗೆ ಕಾಲು ಬಂತು. ಗಾಜಿನ ಮನೆಯ ಬಾಗಿಲಿನಿಂದ ಹೊರಟಾಗ ಅದು ಒಂದು ಕಾಲುದಾರಿ ಅಗಲ ಮಾಡುವ ಸುದ್ದಿಯಾಗಿತ್ತು. ಗುಲಾಬಿ ತೋಟ ದಾಟುವಾಗ ಎರಡು ಬಸ್ಸು ಹೋಗುವಷ್ಟು ದೊಡ್ಡ ರಸ್ತೆಯಾಯಿತು. ಮಕ್ಕಳ ಜಾರುಬಂಡೆಯ ಹತ್ತಿರ ಅದರ ಮೇಲೊಂದು ಸೇತುವೆ ಎದ್ದಿತು. ಸುತ್ತು ಹೊಡೆದು ವಾಪಸು ಗಾಜಿನ ಮನೆಗೆ ಬರುವಷ್ಟರಲ್ಲಿ ಉದ್ಯಾನವೇ ಹೋಗಿ, ಇಡೀ ಜಾಗ ಯಾರದೋ ಅಂಗಡಿ ಮಳಿಗೆಗೆ ಮಾರಾಟವೂ ಆಗಿತ್ತು. ದಿನಾ ಒಂದೇ ಬೆಂಚಿನಲ್ಲಿ ಕೂತು ಸ್ವೆಟರು ಹೆಣೆಯುತ್ತಿದ್ದ ಹೆಂಗಸೊಬ್ಬರು ಟೇಪು ತಮ್ಮ ಬೆಂಚಿನ ಕಾಲಿಗೆ ತಾಗುವಷ್ಟು ಹತ್ತಿರ ಹಾದುಹೋಗಿರುವುದನ್ನು ಕಂಡು, ಹೆಣಿಗೆಯನ್ನು ಮಡಿಲಲ್ಲಿಟ್ಟುಕೊಂಡು ಅಲ್ಲಿಂದ ಏಳುವುದಿಲ್ಲವೆಂದು ಶಪಥ ಮಾಡಿದರು. ಅವರ ಪಕ್ಕದಲ್ಲಿ, ಟೇಪಿನ ಉದ್ದಕ್ಕೂ, ಜನ ಹುಲ್ಲಿನ ಮೇಲೆ ಒಬ್ಬೊಬ್ಬರಾಗಿ ಕೂರತೊಡಗಿದರು.

ಕಾವಲುಗಾರ ಸೀಟಿ ಊದುತ್ತಲೇ ಬಂದ. ಛತ್ರಿ ಕಂಡ ಕೂಡಲೇ ಸೀಟಿ ಬಾಯಿಂದ ಜಾರಿತು. ಒಂದು ಸಲ್ಯೂಟು ಹೊಡೆದು, ಬಂದ ಹಾಗೇ ತಿರುಗಿ ಹೋಗಿ ಮೇಲ್ವಿಚಾರಕರಿಗೆ ತಿಳಿಸಿದ.

ಉದ್ಯಾನದ ಮೇಲ್ವಿಚಾರಕರು ಸಾಧು ಮನುಷ್ಯ. ಮೇಲಿನವರು ಎಂಬ ಶಬ್ದ ಕಿವಿಗೆ ಬಿದ್ದರೆ ಸಾಕು, ಅವರಿಗೆ ಕೈಕಾಲು ಬಿದ್ದುಹೋಗುತ್ತಿತ್ತು. ಅಂಗಿಯ ಗುಂಡಿ ಹಾಕಿಕೊಳ್ಳುತ್ತ ಓಡಿ ಬಂದರು. ತಮ್ಮ ಗಮನಕ್ಕೆ ತಾರದೆ ತಮ್ಮ ಉದ್ಯಾನವನ್ನೇ ಅಳೆಯುತ್ತಿದ್ದಾರೆಂದರೆ ತಮ್ಮ ಕುರ್ಚಿಯ ಅಳತೆಯೂ ಮುಗಿದಿದೆ ಎಂದು ಅವರು ದಾರಿಯಲ್ಲೇ ಲೆಕ್ಕ ಹಾಕಿದ್ದರು. ಕೈ ಕಟ್ಟಿಕೊಂಡು, ತಾವು ಯಾವ ಕಚೇರಿಯಿಂದ ಬಂದಿರಿ ಎಂದು ವಿನಯದಿಂದ ಕೇಳಿದರು. ಅಧಿಕಾರಿಯೊಬ್ಬರು ನೇರವಾಗಿ ಪ್ರಶ್ನೆ ಕೇಳುವಾಗ ಸುಮ್ಮನಿರುವುದು ತುದಿಯಪ್ಪನಿಗೆ ಬಹಳ ಕಷ್ಟವಾಯಿತು. ಆದರೆ ಹೆಬ್ಬೆರಳು ಸೊನ್ನೆಯ ಮೇಲಿತ್ತು.

ಗಂಡನ ಸಂಕಟ ನೋಡಲಾರದೆ ಹೆಂಡತಿಯೇ, ಸರ್ವೆ ಆಫೀಸು ಎಂದಳು. ಅಲ್ಲೇ ಇದ್ದರು, ಈಗ ರಿಟೈರಾಗಿದೆ ಎಂದು ಮುಂದಕ್ಕೂ ಹೇಳಿದಳು. ಆದರೆ ಮೇಲ್ವಿಚಾರಕರ ಕಿವಿ ಮೊದಲ ಮಾತಿಗೇ ಮುಚ್ಚಿಹೋಗಿತ್ತು. ಕೈ ಮುಗಿದು, ತಮ್ಮ ಕೆಲಸ ನಡೆಯಲಿ ಸಾರ್ ಎಂದು ಹಿಂದೆ ಹಿಂದೆ ಸರಿಯುತ್ತಲೇ ಹೋಗಿ, ಕಚೇರಿಗೆ ನುಗ್ಗಿ, ಉದ್ಯಾನದ ಮಾಲಿಗಳನ್ನೆಲ್ಲ ಒಳಗೆ ಕರೆಸಿ ಬಾಗಿಲು ಹಾಕಿಸಿದರು. ಅಳೆಯುವವರನ್ನು ಯಾರು ಒಳಗೆ ಬಿಟ್ಟಿರಿ, ಟೇಪು ಎಲ್ಲಿಂದ ಬಂತು ಎಂದು ವಿಚಾರಣೆ ಶುರುವಾಯಿತು. ಪೆನ್ಸಿಲು ಹುಡುಕಲು ಬಂದಿದ್ದ ನಮ್ಮ ಮಾಲಿಯೂ ಅದರಲ್ಲಿ ಸಿಕ್ಕಿಬಿದ್ದ. ನಿಜ ಹೇಳೋಣವೆಂದು ಎದ್ದವನು ಮೇಲ್ವಿಚಾರಕರ ಕಣ್ಣಿನ ಕೆಂಪು ನೋಡಿ, ಪೆನ್ಸಿಲನ್ನು ಕಿವಿಯ ಹಿಂದೆ ಸಿಕ್ಕಿಸಿಕೊಂಡು, ತಾನು ಟೇಪೆಂಬುದನ್ನು ಕಣ್ಣಿನಿಂದಲೂ ಕಂಡವನಲ್ಲ ಎಂದುಬಿಟ್ಟ. ಹೀಗೆ, ಟೇಪು ಬಿಡು ಎಂದು ಹೇಳಬಲ್ಲ ಒಬ್ಬನೇ ಒಬ್ಬ ಮನುಷ್ಯ, ಟೇಪಿನ ದೆಸೆಯಿಂದಲೇ ಬಾಗಿಲ ಹಿಂದೆ ಉಳಿದ.

ಬಿಸಿಲು ಏರುತ್ತಿತ್ತು. ಗಾಜಿನ ಮನೆಯ ನೆರಳು ಗಿಡ್ಡವಾಗುತ್ತ ಆಕೆಯ ಸ್ಟೂಲಿನಿಂದ ಹಿಂದೆ ಸರಿದಿತ್ತು. ಕೊಳದ ಕಡೆಯಿಂದ ಬರುತ್ತಿದ್ದವರೆಲ್ಲ ಹೂಗಳ ಮಾತಾಡುತ್ತಿದ್ದರು. ಇನ್ನೂ ಚೆನ್ನಾಗಿ ಅರಳಿವೆ ಎಂದು ಮೊದಲು ಬಂದವರು ಹೇಳಿಕೊಂಡು ಹೋದರು. ಆಮೇಲೆ ಬಂದವರು, ಮುಚ್ಚಿಕೊಳ್ಳೋಕೆ ಶುರುವಾಗಿದೆ, ಬೇಗ ಹೋಗಿ ಎಂದು ಎದುರಾದವರಿಗೆ ಹೇಳುತ್ತಿದ್ದರು. ಪ್ರತಿ ಮಾತಿಗೂ ಆಕೆ ಒಮ್ಮೆ ಬಿದಿರು ಮೆಳೆಯನ್ನು ನೋಡುತ್ತಿದ್ದಳು, ಒಮ್ಮೆ ಗಂಡನ ಹೆಬ್ಬೆರಳನ್ನು ನೋಡುತ್ತಿದ್ದಳು. ಛತ್ರಿಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿಕೊಂಡಳು.

ತುದಿಯಪ್ಪನಿಗೂ ಆ ಮಾತುಗಳು ಕೇಳಿಸುತ್ತಿದ್ದವು. ಆದರೆ ಆ ತುದಿಯವರು ಇನ್ನೂ ಟೇಪನ್ನು ಹಿಡಿದೇ ಇದ್ದರು. ಒಂದಿಷ್ಟು ಸಡಿಲವಾದರೆ ಸಾಕು, ಆಚೆಯಿಂದ ಒಂದು ಜಗ್ಗು ಬರುತ್ತಿತ್ತು. ಯಾರೋ ಕೆಲಸ ಬಲ್ಲವರು, ಶ್ರದ್ಧೆಯುಳ್ಳವರು ಎಂದು ತುದಿಯಪ್ಪನಿಗೆ ಆ ಕಾಣದ ಮನುಷ್ಯನ ಮೇಲೆ ಗೌರವವೇ ಹುಟ್ಟಿತ್ತು. ಅಂಥವರು ಹಿಡಿದಿರುವಾಗ ತಾನು ಬಿಡುವುದು ಹೇಗೆ. ಕಡೆಗೆ ಒಂದು ಉಪಾಯ ಹೊಳೆದು, ಕೆಲಸದ ನಡುವೆ ಮಾತಾಡಬಾರದೆಂಬ ನಿಯಮವನ್ನು ಮುರಿದು, ತುಟಿ ಅಲ್ಲಾಡದ ಹಾಗೆ ಹೆಂಡತಿಗೆ, ನೀನಾದರೂ ಹೋಗಿ ನೋಡಿಕೊಂಡು ಬಾ ಎಂದ.

ಆಕೆ ತಲೆ ಎತ್ತಿ ನೋಡಿದಳು. ಸಿಟ್ಟು ಬಂದಿದ್ದರೆ ಅವನಿಗೆ ಸಲೀಸಾಗುತ್ತಿತ್ತು. ಸಿಟ್ಟು ಇರಲಿಲ್ಲ.

"ಒಬ್ಬಳೇ ನೋಡೋದಾಗಿದ್ರೆ ಯಾವತ್ತೋ ನೋಡ್ತಿದ್ದೆ" ಎಂದಳು. "ನನಗೇನು ಬಸ್ಸು ಗೊತ್ತಿರಲಿಲ್ವಾ, ದಾರಿ ಗೊತ್ತಿರಲಿಲ್ವಾ. ನೀವು ಆ ತುದಿಯವರನ್ನೇ ನೋಡ್ತಾ ನಿಂತ್ರಿ. ನಾನು ನಿಮ್ಮನ್ನ ನೋಡ್ತಾ ಕೂತೆ."

ಇಷ್ಟು ಹೇಳಿ ಆಕೆ ಮತ್ತೆ ಛತ್ರಿಯನ್ನು ಅವನ ತಲೆಯ ಮೇಲೆ ಸರಿಯಾಗಿ ಹಿಡಿದಳು. ತುದಿಯಪ್ಪ ಟೇಪನ್ನು ನೋಡಿದ. ಹೆಂಡತಿಯ ಕೈ ನೋಡಿದ. ಛತ್ರಿಯ ಹಿಡಿಯನ್ನು ಆಕೆ ಈಗ ಎರಡೂ ಕೈಯಿಂದ ಹಿಡಿದಿದ್ದಳು. ಇಷ್ಟು ಹೊತ್ತಿನಿಂದ ಹಿಡಿದಿದ್ದರೂ ಆಕೆಗೆ ಬಿಡು ಎಂದು ಯಾರೂ ಹೇಳಿರಲಿಲ್ಲ, ತಾನೂ ಹೇಳಿರಲಿಲ್ಲ ಎಂಬುದು ಆಗ ಅವನ ತಲೆಗೆ ಹೋಯಿತು. ಯಾರದೋ ಬಾವಿ ಯಾರದೋ ಹಿತ್ತಿಲಿಗೆ ಹೋಗುವುದಾದರೆ ಹೋಗಲಿ ಎಂದುಕೊಂಡು ಕಣ್ಣು ಮುಚ್ಚಿ, ಯಾರೂ ಹೇಳದೆ, ಸೊನ್ನೆಯನ್ನು ಬಿಟ್ಟುಬಿಟ್ಟ.

ಬಿಡುವುದಕ್ಕೂ ಆಚೆಯಿಂದ ಒಂದು ಬಲವಾದ ಜಗ್ಗು ಬರುವುದಕ್ಕೂ ಸರಿಹೋಯಿತು. ಟೇಪು ಹಾವಿನಂತೆ ಹುಲ್ಲಿನ ಮೇಲೆ ಸರ್ರನೆ ಹರಿದು, ಹೆಣಿಗೆಯ ಹೆಂಗಸಿನ ಕಾಲಿನ ಪಕ್ಕದಿಂದ ಹಾದು, ಬಿದಿರು ಮೆಳೆಯೊಳಗೆ ಮಾಯವಾಯಿತು. ಮರುಕ್ಷಣ ಮೆಳೆಯ ಆಚೆ ನೀರಿಗೆ ಏನೋ ದೊಡ್ಡದು ಬಿದ್ದ ಸದ್ದಾಯಿತು. ಹುಲ್ಲಿನ ಮೇಲೆ ಕೂತಿದ್ದವರು ಚಪ್ಪಾಳೆ ತಟ್ಟಿದರು. ಸರ್ಕಾರ ಹಿಂದೆ ಸರಿಯಿತು ಎಂದು ವಕೀಲರು ಘೋಷಿಸಿದರು. ಅಧ್ಯಕ್ಷರು ಟೋಪಿ ತೆಗೆದು ಬೆವರು ಒರೆಸಿಕೊಂಡು, ಇದು ಸಂಘದ ಒಗ್ಗಟ್ಟಿನ ಜಯವೆಂದು ಸಣ್ಣದೊಂದು ಭಾಷಣ ಶುರುಮಾಡಿದರು. ಆದರೆ ತುದಿಯಪ್ಪನ ಕಿವಿ ಬೇರೆ ಕಡೆಗಿತ್ತು. ಮೆಳೆಯ ಆಚೆಯಿಂದ ಶಾಲೆಯ ಗಂಟೆಯನ್ನೂ ಮೀರಿಸುವ ಒಂದು ದನಿ ಬರುತ್ತಿತ್ತು.

"ಯಾವನಯ್ಯಾ ಅವನು, ಹೇಳದೆ ಕೇಳದೆ ಬಿಟ್ಟವನು?"

ಆ ದನಿ ಗಂಡ ಹೆಂಡತಿ ಇಬ್ಬರಿಗೂ ಚೆನ್ನಾಗಿ ಗೊತ್ತಿತ್ತು. ಕೊಳದ ಬಳಿ ಹೋಗಿ ನೋಡಿದರೆ ಭಾವನವರು ದಂಡೆಯ ಅಂಚಿನ ಆಳವಿಲ್ಲದ ನೀರಿನಲ್ಲಿ, ಎಲೆಗಳ ನಡುವೆ, ಸೊಂಟದವರೆಗೆ ಮುಳುಗಿ ಕೂತಿದ್ದರು. ಟೇಪಿನ ಡಬ್ಬಿಯನ್ನು ಮಾತ್ರ ನೀರು ತಾಗದಂತೆ ತಲೆಯ ಮೇಲೆ ಎತ್ತಿ ಹಿಡಿದಿದ್ದರು. ಇಡೀ ಬೆಳಿಗ್ಗೆ ಅವರು ಕೊಳಕ್ಕೆ ಬೆನ್ನು ಹಾಕಿ, ಆ ತುದಿಯ ಸೋಮಾರಿಯನ್ನು ಶಪಿಸುತ್ತ, ಟೇಪು ಜೋಲಿದಾಗಲೆಲ್ಲ ಜಗ್ಗಿ ಜಗ್ಗಿ ನಿಂತಿದ್ದರಂತೆ. ಹಿಂದೆ ಒಂದು ಹೂವಿದೆಯೆಂದು ತಿರುಗಿಯೂ ನೋಡಿರಲಿಲ್ಲ. ತುದಿಯಪ್ಪ ಕೈ ಕೊಟ್ಟು ಅವರನ್ನು ಮೇಲಕ್ಕೆತ್ತಿದ. ತಾನೇ ಆ ಸೋಮಾರಿ ಎಂದು ಹೇಳಬೇಕೋ ಬೇಡವೋ ತಿಳಿಯದೆ, ಭಾವನವರೇ, ಹಿಡಿದರೆ ನಿಮ್ಮ ಹಾಗೆ ಹಿಡೀಬೇಕು ಎಂದ. ಭಾವನವರು ಅವನ ಮುಖ ನೋಡಿದರು, ತಮ್ಮ ಕೈಯಲ್ಲಿದ್ದ ಡಬ್ಬಿ ನೋಡಿದರು, ಮೊಳೆಯ ಮಾತು ಅವರಿಗೂ ನೆನಪಾಗಿರಬೇಕು. ಒದ್ದೆ ಬಟ್ಟೆ ಹಿಂಡಿಕೊಳ್ಳುತ್ತ ಬೇರೆ ಕಡೆ ತಿರುಗಿದರು.

ತಂಗಿ ಇದಾವುದನ್ನೂ ನೋಡುತ್ತಿರಲಿಲ್ಲ. ಮೇಲಿನ ಮೆಟ್ಟಿಲ ಮೇಲೆ ನಿಂತು ಕೊಳವನ್ನು ನೋಡುತ್ತಿದ್ದಳು. ಒಂದು ಹೂವೂ ತೆರೆದಿರಲಿಲ್ಲ. ನೀರಿನ ತುಂಬ ಮುಷ್ಟಿ ಬಿಗಿದಂತೆ ಮುಚ್ಚಿಕೊಂಡ ನೈದಿಲೆಗಳು. ಎಷ್ಟೋ ವರ್ಷದ ಹಿಂದೆ ಕಂಡದ್ದೂ ಇದನ್ನೇ. ತುದಿಯಪ್ಪ ಪಕ್ಕದಲ್ಲಿ ಹೋಗಿ ನಿಂತ. ಮುಂದಿನ ಸಲ ಎಂಬ ಮಾತು ನಾಲಿಗೆಯ ತುದಿಗೆ ಬಂತು. ಅದನ್ನು ಆಡುವಷ್ಟು ದಡ್ಡ ಅವನಲ್ಲ, ನುಂಗಿಕೊಂಡ. ತಪ್ಪಾಯ್ತು ಎಂದ. ಆಕೆ ತಲೆಯಾಡಿಸಿದಳು.

ಅಷ್ಟರಲ್ಲಿ ಮಾಲಿ ಕಚೇರಿಯಿಂದ ತಪ್ಪಿಸಿಕೊಂಡು ಕಳ್ಳಹೆಜ್ಜೆಯಲ್ಲಿ ಬಂದು, ಕಿವಿಯ ಹಿಂದಿನಿಂದ ಪೆನ್ಸಿಲು ತೆಗೆದು, ಎಷ್ಟು ಬಂತು ಸಾರ್ ಎಂದು ಪಿಸುಗುಟ್ಟಿದ. ಭಾವನವರು, ನನ್ನ ಕನ್ನಡಕ ತಂಗಿಯ ಚೀಲದಲ್ಲಿ ಇತ್ತಲ್ಲ, ಹೇಗೆ ಓದಲಿ ಎಂದು ಗುಡುಗಿದರು. ಮಾಲಿ ತುದಿಯಪ್ಪನ ಕಡೆ ತಿರುಗಿದ. ತುದಿಯಪ್ಪ ಪ್ರಾಮಾಣಿಕವಾಗಿ, ನನ್ನ ಕಡೆ ಸೊನ್ನೆ ಇತ್ತು ಎಂದ.

ಮಾಲಿ ತಲೆ ಕೆರೆದುಕೊಳ್ಳುತ್ತಿರುವಾಗಲೇ ಮೇಲ್ವಿಚಾರಕರೂ ಅವರ ಹಿಂದೆ ಸಂಘದವರೂ ಬಂದರು. ಮೇಲ್ವಿಚಾರಕರು ಬಹಳ ದಣಿದಿದ್ದರು. ಒಂದು ಕಡೆ ಮೇಲಿನವರ ಭಯ, ಇನ್ನೊಂದು ಕಡೆ ಸಂಘದ ಭಯ. ಎರಡರ ನಡುವೆ ಸಿಕ್ಕಿಕೊಂಡು, ಛತ್ರಿಯ ತುದಿಯಪ್ಪನಿಗೂ ಟೋಪಿಯ ಅಧ್ಯಕ್ಷರಿಗೂ ಒಟ್ಟಿಗೇ ಕೈ ಮುಗಿದು, ಮೇಲಿನಿಂದ ಬರಹದಲ್ಲಿ ಆದೇಶ ಬರುವವರೆಗೆ ಈ ಉದ್ಯಾನದಲ್ಲಿ ಒಂದು ಹುಲ್ಲುಕಡ್ಡಿಯನ್ನೂ ಯಾರೂ ಅಳೆಯುವುದಿಲ್ಲ, ಕೀಳುವುದಿಲ್ಲ, ಅಗೆಯುವುದಿಲ್ಲ ಎಂದು ಮಾತು ಕೊಟ್ಟರು. ಹಾಗಾದರೆ ನಾಳೆ ಕೊಳ ಖಾಲಿ ಮಾಡೋದು ಎಂದು ಮಾಲಿ ಮೆಲ್ಲಗೆ ಕೇಳಿದ. ಅದೂ ಇಲ್ಲ, ಕೊಳದ ಹೆಸರೇ ಎತ್ತಬೇಡ ಎಂದು ಮೇಲ್ವಿಚಾರಕರು ರೇಗಿದರು.

ಆಗ ತುದಿಯಪ್ಪನ ಹೆಂಡತಿಗೆ ನಗು ಬಂತು. ಮೊದಲು ತುಟಿ ಕಚ್ಚಿ ತಡೆದಳು. ಆಮೇಲೆ ತಡೆಯಲಾರದೆ ಮೆಟ್ಟಿಲ ಮೇಲೆ ಕೂತು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಮೇಲ್ವಿಚಾರಕರು ಗಾಬರಿಯಾದರು, ಅಣ್ಣ ಮುಖ ಸಿಂಡರಿಸಿದರು. ತುದಿಯಪ್ಪ ಮಾತ್ರ ಏನೂ ತಿಳಿಯದೆ ಆಕೆಯ ನಗುವನ್ನೇ ನೋಡುತ್ತ ನಿಂತ. ಇಷ್ಟು ಹತ್ತಿರದಿಂದ ಅದನ್ನು ನೋಡಿ ಬಹಳ ಕಾಲವಾಗಿತ್ತು.

ಮಾರನೆಯ ಬೆಳಿಗ್ಗೆ ಗೇಟು ತೆರೆಯುವ ಮೊದಲೇ ಇಬ್ಬರೂ ಬಂದು ಹೊರಗೆ ನಿಂತಿದ್ದರು. ಭಾವನವರಿಗೆ ನೆಗಡಿ, ಮನೆಯಲ್ಲೇ ಮಲಗಿದ್ದರು. ಗಾಜಿನ ಮನೆಯ ಪಕ್ಕದಲ್ಲಿ ಅದೇ ಮಾಲಿ ಒಂದು ಏಣಿ ಇಟ್ಟುಕೊಂಡು, ಹಿಡಿಯಲು ಯಾರಾದರೂ ಸಿಗುತ್ತಾರೋ ಎಂದು ಆ ಕಡೆ ಈ ಕಡೆ ನೋಡುತ್ತಿದ್ದ. ತುದಿಯಪ್ಪನ ಕೈ ಒಮ್ಮೆ ಜೇಬಿನಿಂದ ಹೊರಗೆ ಬಂತು. ಹೆಂಡತಿ ಸ್ಟೂಲನ್ನೂ ಛತ್ರಿಯನ್ನೂ ಆ ಕೈಗೆ ಕೊಟ್ಟಳು. ಅವನು ನೆಲ ನೋಡಿಕೊಂಡು ಬೇಗ ಬೇಗ ದಾಟಿದ.

ಬಿದಿರು ಮೆಳೆ ಮುಗಿದ ಕೂಡಲೇ ಕೊಳ ಕಂಡಿತು. ಈ ದಂಡೆಯಿಂದ ಆ ದಂಡೆಯವರೆಗೆ ಕೆಂಪು ನೈದಿಲೆಗಳು ಅರಳಿ ನಿಂತಿದ್ದವು. ತುದಿಯಪ್ಪನಿಗೆ ಬಾಯಲ್ಲಿ ಮಾತು ಹೊರಡಲಿಲ್ಲ. ಈ ಸಲ ಅದು ನಿಯಮಕ್ಕಾಗಿ ಅಲ್ಲ.

ನೀರಿನವರೆಗೆ ಇಳಿಯಬೇಕಾದರೆ ಕಲ್ಲಿನ ಮೆಟ್ಟಿಲುಗಳಿದ್ದವು, ರಾತ್ರಿಯ ಇಬ್ಬನಿಗೆ ಒದ್ದೆಯಾಗಿದ್ದವು. ಆಕೆ ಮೊದಲ ಮೆಟ್ಟಿಲ ಮೇಲೆ ನಿಂತು ಮೊಣಕಾಲನ್ನು ಒಮ್ಮೆ ಒತ್ತಿಕೊಂಡು, ಗಂಡನ ಕಡೆ ಕೈ ಚಾಚಿದಳು.

"ಹಿಡ್ಕೊಳ್ಳಿ" ಎಂದಳು. "ನಾನು ಹೇಳೋವರೆಗೂ ಬಿಡಬೇಡಿ."

ತುದಿಯಪ್ಪ ಛತ್ರಿ ಸ್ಟೂಲುಗಳನ್ನು ಅಲ್ಲೇ ಕೆಳಗಿಟ್ಟು ಆಕೆಯ ಕೈ ಹಿಡಿದ. ಹೆಬ್ಬೆರಳು ತಾನಾಗಿಯೇ ಆಕೆಯ ಬೆರಳ ಗೆಣ್ಣಿನ ಮೇಲೆ ಹೋಗಿ ಕೂತಿತು. ಒಂದೊಂದೇ ಮೆಟ್ಟಿಲಿಳಿದು ಇಬ್ಬರೂ ನೀರಿನ ಹತ್ತಿರ ಕೂತರು. ಬಿಸಿಲು ಬಂತು, ಜನ ಬಂದರು, ಟೋಪಿಯ ಅಧ್ಯಕ್ಷರು ದೂರದಿಂದಲೇ ಅವನನ್ನು ಗುರುತು ಹಿಡಿದು ಅನುಮಾನದಿಂದ ಒಂದು ಸುತ್ತು ಹೆಚ್ಚಿಗೆ ಹಾಕಿದರು. ಹೂಗಳು ಒಂದೊಂದಾಗಿ ಮುಚ್ಚಿಕೊಳ್ಳತೊಡಗಿದವು. ಆಕೆ ಬಿಡಿ ಎಂದು ಹೇಳಲಿಲ್ಲ, ಅವನೂ ಬಿಡಲಿಲ್ಲ.